ಮೂರು ಗಂಟೆಯ ಇಬ್ಬನಿ

ಫೆಬ್ರವರಿಯ ಅಮಾವಾಸ್ಯೆಯ ಆಸುಪಾಸು ಗೋಕರ್ಣದ ಗುಡ್ಡದ ಮೇಲಿಂದ ತೆಗೆದ ಚಿತ್ರಸರಣಿಯೊಂದು ನನ್ನ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಶುರು, ಒಂದೊಂದು ಚಿತ್ರಕ್ಕೂ 12 ಸೆಕೆಂಡ್, ನಡುವೆ 2 ಸೆಕೆಂಡ್ ಬಿಡುವು. ಮೊದಲ 550 ಚಿತ್ರಗಳಲ್ಲಿ ನಕ್ಷತ್ರಗಳು ಸೂಜಿಮೊನೆಯ ಹಾಗಿವೆ. ಆಮೇಲೆ ಚಿತ್ರಾ ನಕ್ಷತ್ರದ ಸುತ್ತ ತೆಳ್ಳನೆಯ ಪ್ರಭೆಯೊಂದು ಮೂಡುತ್ತದೆ. ಮೊದಲ ನೋಟಕ್ಕೆ ಚೆಂದವಾಗಿಯೇ ಕಾಣುತ್ತದೆ. ಇನ್ನು ನೂರು ಚಿತ್ರ ಕಳೆಯುವಷ್ಟರಲ್ಲಿ ಸಣ್ಣ ನಕ್ಷತ್ರಗಳು ಒಂದೊಂದಾಗಿ ಅಳಿಸಿಹೋಗುತ್ತವೆ, ದೊಡ್ಡವು ಹತ್ತಿಯ ಉಂಡೆಗಳಾಗುತ್ತವೆ. ಎರಡು ಗಂಟೆಯ ಹೊತ್ತಿಗೆ ಇಡೀ ಚಿತ್ರ ಬೂದಿ ಬಣ್ಣ. ಆ ದಿನಗಳಲ್ಲಿ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಏಳುವುದು ಮೂರು ಗಂಟೆಯ ಆಚೀಚೆ. ಯಾವುದಕ್ಕಾಗಿ ಡೇರೆ, ನೀರು, ಸ್ಟೌ ಎಲ್ಲ ಹೊತ್ತು ಗುಡ್ಡ ಹತ್ತಿದ್ದರೋ ಅದು ಏಳುವಾಗ ಲೆನ್ಸಿನ ಮೇಲೆ ನೀರಿನ ಪೊರೆ ಕೂತಾಗಿತ್ತು. ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ಕ್ಯಾಮೆರಾ ತನ್ನಷ್ಟಕ್ಕೆ ಚಿತ್ರ ತೆಗೆಯುತ್ತಲೇ ಇತ್ತು, ಪಕ್ಕದ ಡೇರೆಯಲ್ಲಿ ಹುಡುಗರು ಗಾಢ ನಿದ್ದೆಯಲ್ಲಿದ್ದರು.

ಇದು ಒಂದು ರಾತ್ರಿಯ ಕತೆಯಲ್ಲ. ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿಗೆ ಕ್ಯಾಮೆರಾ ಹೊತ್ತು ಬರುವವರ ತಯಾರಿ ನೋಡಿದರೆ ಎಲ್ಲ ಗಮನವೂ ಕತ್ತಲೆಯ ಮೇಲಿರುತ್ತದೆ. ಬೆಳಕಿನ ಮಾಲಿನ್ಯದ ನಕ್ಷೆ ನೋಡಿರುತ್ತಾರೆ, ಚಂದ್ರ ಮುಳುಗುವ ಹೊತ್ತು ಬರೆದುಕೊಂಡಿರುತ್ತಾರೆ. ಕತ್ತಲೆ ಬೇಕು, ಸರಿ. ಆದರೆ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ರಾತ್ರಿಯ ಚಿತ್ರವನ್ನು ಉಳಿಸುವುದೂ ಕೆಡಿಸುವುದೂ ನೀರು. ಗಾಳಿಯೊಳಗಿನ ನೀರು, ಅಲೆ ಸಿಡಿಸುವ ನೀರು, ಉಬ್ಬರದ ನೀರು, ಘಟ್ಟದ ಮೇಲೆ ಮಂಜಿನ ನೀರು. ಬಳ್ಳಾರಿ, ಚಿತ್ರದುರ್ಗದ ಬಯಲಲ್ಲಿ ಕಲಿತ ಕ್ರಮವನ್ನು ಹಾಗೆಯೇ ಇಲ್ಲಿಗೆ ತಂದರೆ ನಡುರಾತ್ರಿ ದಾಟುವ ಮೊದಲೇ ಕೈಕೊಡುತ್ತದೆ.

ಗಾಳಿಗಿಂತ ತಣ್ಣಗಾಗುವ ಗಾಜು

ಇಬ್ಬನಿ ಮೇಲಿಂದ ಬೀಳುವುದಿಲ್ಲ, ಗಾಜಿನ ಮೇಲೆಯೇ ಹುಟ್ಟುತ್ತದೆ. ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಆ ಬರಿದಾದ ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಗಾಳಿ 24 ಡಿಗ್ರಿ ಇದ್ದು ತೇವಾಂಶ ಶೇ 85 ಇದ್ದರೆ ಸುಮಾರು 21 ಡಿಗ್ರಿಗೆ ಇಬ್ಬನಿ ಕಟ್ಟುತ್ತದೆ. ಮನಸ್ಸಿನಲ್ಲೇ ಲೆಕ್ಕ ಹಾಕುವುದಾದರೆ, ತೇವಾಂಶ ನೂರರಿಂದ ಐದೈದು ಕಡಿಮೆಯಾದಂತೆ ಇಬ್ಬನಿ ಕಟ್ಟುವ ಬಿಂದು ಒಂದೊಂದು ಡಿಗ್ರಿ ಕೆಳಗೆ. ಅಂದರೆ ಶೇ 85 ಎಂದಾಗ ಇರುವ ಅಂತರ ಮೂರೇ ಡಿಗ್ರಿ, ಅಷ್ಟನ್ನು ಗಾಜು ತಾನಾಗಿಯೇ ಇಳಿದುಬಿಡುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಇದು ಇನ್ನೂ ಬೇಗ. ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಯೇ ಇಬ್ಬನಿ ಚೆನ್ನಾಗಿ ಕಟ್ಟುವ ರಾತ್ರಿ.

ಗಾಳಿ ಬೀಸುತ್ತಿರುವಷ್ಟು ಹೊತ್ತು ಗಾಜು ಗಾಳಿಯ ಬಿಸಿಯನ್ನೇ ಹಿಡಿದಿರುತ್ತದೆ. ಕರಾವಳಿಯಲ್ಲಿ ಸಂಜೆಯ ಕಡಲ ಗಾಳಿ ನಿಂತು ಘಟ್ಟದ ಕಡೆಯಿಂದ ನೆಲದ ಗಾಳಿ ಶುರುವಾಗುವ ನಡುವೆ ಎಲೆಯೂ ಅಲುಗದ ಒಂದು ಹೊತ್ತಿರುತ್ತದೆ. ಆ ಹೊತ್ತು, ಮತ್ತೆ ಬೆಳಗಿನ ಜಾವಕ್ಕೆ ಮುಂಚಿನ ಹೊತ್ತು, ಇವೆರಡರಲ್ಲಿ ಲೆನ್ಸಿನ ಮೇಲೆ ಕಣ್ಣಿಟ್ಟಿರಬೇಕು. ಮರಳದಂಡೆಗಿಂತ ಮೂವತ್ತು ನಲವತ್ತು ಮೀಟರ್ ಎತ್ತರದ ಚಿರೆಕಲ್ಲಿನ ಬೋಳುಗುಡ್ಡ ಮೇಲು. ಅಲ್ಲಿ ಗಾಳಿ ಪೂರ್ತಿ ನಿಲ್ಲುವುದು ಅಪರೂಪ, ಅಲೆಯ ಸಿಡಿಹನಿಯೂ ತಲುಪುವುದಿಲ್ಲ.

ಮದ್ದು ಒಂದೇ, ಗಾಜನ್ನು ಒಂದೆರಡು ಡಿಗ್ರಿ ಬೆಚ್ಚಗಿಡುವುದು. ಯುಎಸ್‌ಬಿಯಿಂದ ಓಡುವ ಲೆನ್ಸ್ ಹೀಟರ್ ಪಟ್ಟಿ ಸಿಗುತ್ತದೆ, 5ರಿಂದ 8 ವಾಟಿನದು ಸಾಕು. ಅದನ್ನು ಲೆನ್ಸಿನ ಮುಂಭಾಗಕ್ಕೆ, ಮುಂದಿನ ಗಾಜಿನ ಸುತ್ತ ಬರುವಂತೆ ಕಟ್ಟಬೇಕು, ಫೋಕಸ್ ಬಳೆಯ ಮೇಲಲ್ಲ. 20,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ ಹೆಸರಿಗೆ 74 ವಾಟ್‌ ಅವರ್, ಕೈಗೆ ಸಿಗುವುದು ಅರವತ್ತರ ಹತ್ತಿರ. 7 ವಾಟಿನ ಪಟ್ಟಿ ಅದರಲ್ಲಿ ಎಂಟು ತಾಸು ನಡೆಯುತ್ತದೆ, ಒಂದು ರಾತ್ರಿಗೆ ಸರಿಯಾಗಿ. ಪಟ್ಟಿಯನ್ನು ಇಬ್ಬನಿ ಕಂಡ ಮೇಲೆ ಹಚ್ಚುವುದಲ್ಲ, ಕ್ಯಾಮೆರಾ ನಿಲ್ಲಿಸಿದ ಕೂಡಲೇ ಹಚ್ಚಿ ಅರ್ಧ ತಾಸು ಬಿಟ್ಟು ಆಮೇಲೆ ಫೋಕಸ್ ಮಾಡಬೇಕು. ಇದನ್ನು ಬಿಡಿಸಿ ಹೇಳಲು ಕಾರಣವಿದೆ: ಲೆನ್ಸ್ ಬೆಚ್ಚಗಾದಾಗ ಫೋಕಸ್ ಕೂದಲೆಳೆಯಷ್ಟು ಸರಿಯುತ್ತದೆ. ತಣ್ಣನೆಯ ಲೆನ್ಸಿನಲ್ಲಿ ಸರಿಮಾಡಿದ ಫೋಕಸ್ ಹೀಟರ್ ಹಚ್ಚಿದ ಮೇಲೆ ತಪ್ಪಿ, ರಾತ್ರಿಯಿಡೀ ಸ್ವಚ್ಛವಾಗಿದ್ದ ಲೆನ್ಸಿನಲ್ಲೇ ದಪ್ಪ ದಪ್ಪ ನಕ್ಷತ್ರಗಳು ಬಂದದ್ದಿದೆ.

ದೂರದರ್ಶಕದವರು ಕೊಳವೆಯ ಮುಂದೆ ಉದ್ದನೆಯ ಫೋಮ್ ಸುರುಳಿ ಸುತ್ತಿ ಇಬ್ಬನಿ ತಡೆಯುತ್ತಾರೆ. ಅಗಲ ನೋಟದ ಲೆನ್ಸಿಗೆ ಅದು ಆಗುವುದಿಲ್ಲ, ಸುರುಳಿಯೇ ಚಿತ್ರದೊಳಗೆ ಬರುತ್ತದೆ. ಬಟ್ಟೆಯಿಂದ ಒರೆಸುವುದಂತೂ ಬೇಡವೇ ಬೇಡ. ತಣ್ಣನೆಯ ಗಾಜು ಒರೆಸಿದ ಎರಡು ನಿಮಿಷಕ್ಕೆ ಮತ್ತೆ ಮಸುಕಾಗುತ್ತದೆ, ಕಡಲ ಬದಿಯಲ್ಲಾದರೆ ಆ ತೇವದೊಳಗೆ ಉಪ್ಪಿನ ಹರಳೂ ಇರುತ್ತದೆ, ಲೇಪನಕ್ಕೆ ಗೀರು ಖಂಡಿತ. ಇನ್ನೊಂದು, ಎಸಿ ಹಾಕಿದ ಕಾರಿನಿಂದಲೋ ಕೋಣೆಯಿಂದಲೋ ನೇರ ಹೊರತಂದ ಕ್ಯಾಮೆರಾ ಸಂಜೆ ಏಳಕ್ಕೇ ಮುಸುಕು ಹೊದೆಯುತ್ತದೆ. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದೊಳಗೇ ಅದನ್ನು ಮುಕ್ಕಾಲು ತಾಸು ಹೊರಗಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಬೇಕು.

ಕಡಲು ಯಾವ ದಿಕ್ಕಿಗೆ, ಆಕಾಶಗಂಗೆ ಯಾವ ದಿಕ್ಕಿಗೆ

ಕಡಲ ಮೇಲೆ ಎದ್ದು ನಿಂತ ಆಕಾಶಗಂಗೆಯ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಬರುವವರಿಗೆ ಎರಡನೆಯ ನಿರಾಸೆ ದಿಕ್ಕಿನದು. ನಮ್ಮ ಅಕ್ಷಾಂಶದಲ್ಲಿ ಆಕಾಶಗಂಗೆಯ ನಡುಭಾಗ ಏಳುವುದು ಉತ್ತರದಿಂದ ಎಣಿಸಿದರೆ 120 ಡಿಗ್ರಿಯ ಹತ್ತಿರ, ಆಗ್ನೇಯಕ್ಕೆ. ಕಡಲಿರುವುದು ಪಡುವಣಕ್ಕೆ. ಫೆಬ್ರವರಿ ನಡುವಿನಲ್ಲಿ ಮೂರು ಕಾಲರ ಹೊತ್ತಿಗೆ ಎದ್ದದ್ದು ಐದೂ ಮುಕ್ಕಾಲರ ಸುಮಾರಿಗೆ ಬೆಳಕು ಹರಿಯತೊಡಗುವವರೆಗೂ ಗುಡ್ಡದ ಮೇಲೆ, ತೆಂಗಿನ ತಲೆಗಳ ಮೇಲೆಯೇ ಇರುತ್ತದೆ. ಅದೂ ಒಳ್ಳೆಯ ಚಿತ್ರವೇ, ಆದರೆ ಬೆನ್ನು ಕಡಲಿಗಿರುತ್ತದೆ. ನೀರಿನ ಮೇಲೆ ಬೇಕೆಂದರೆ ಅದು ದಕ್ಷಿಣಕ್ಕೆ ವಾಲುವವರೆಗೆ ಕಾಯಬೇಕು. ಏಪ್ರಿಲ್ ನಡುವಿನಲ್ಲಿ ಬೆಳಗಿನ ನಾಲ್ಕೂ ಮುಕ್ಕಾಲಕ್ಕೆ ಅದು ನೇರ ದಕ್ಷಿಣದಲ್ಲಿ 46 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ, ಐದರ ಹೊತ್ತಿಗೆ ಬೆಳಗು ಬೆನ್ನು ಹತ್ತುತ್ತದೆ. ಓಂ ಬೀಚಿನಂತೆ ದಕ್ಷಿಣಕ್ಕೂ ತೆರೆದುಕೊಂಡ ಕೊಲ್ಲಿಗಳು ಆಗ ಕೆಲಸಕ್ಕೆ ಬರುತ್ತವೆ. ಕಾರವಾರದಲ್ಲಿ ದಕ್ಷಿಣಕ್ಕಿರುವುದು ನೌಕಾನೆಲೆ. ಅತ್ತ ಬೆಳಕೂ ಇದೆ, ಆ ಸರಹದ್ದಿನಲ್ಲಿ ಕ್ಯಾಮೆರಾ ಹೂಡುವುದಕ್ಕೆ ನಿರ್ಬಂಧವೂ ಇದೆ.

ನನ್ನ ಮಟ್ಟಿಗೆ ಈ ಕಡಲಂಚಿನ ಅತ್ಯುತ್ತಮ ಹೊತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದ ಸಂಜೆ. ಅಕ್ಟೋಬರ್ 15ರ ಸುಮಾರಿಗೆ ಏಳೂವರೆಗೆ ಪೂರ್ತಿ ಕತ್ತಲಾದಾಗ ಆಕಾಶಗಂಗೆಯ ನಡುಭಾಗ ನೈಋತ್ಯದಲ್ಲಿ 30 ಡಿಗ್ರಿ ಎತ್ತರದಲ್ಲಿರುತ್ತದೆ. ಅಲ್ಲಿಂದ ನಿಧಾನವಾಗಿ ಕಡಲ ಕಡೆಗೇ ಇಳಿದು ಹತ್ತರ ನಂತರ ಮುಳುಗುತ್ತದೆ. ಮಳೆಗಾಲ ತೊಳೆದಿಟ್ಟ ಗಾಳಿ, ಧೂಳಿಲ್ಲ. ಇಬ್ಬನಿ ಬಲಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ದೀಪಾವಳಿಯ ಅಮಾವಾಸ್ಯೆ ಬರುವುದೂ ಈ ಆಸುಪಾಸಿನಲ್ಲೇ. ತೊಡಕೆಂದರೆ ಚಿತ್ತಾ, ಸ್ವಾತಿ ಮಳೆ. ಮಧ್ಯಾಹ್ನ ಘಟ್ಟದ ಮೇಲೆ ಎದ್ದ ಗುಡುಗುಮೋಡ ಸಂಜೆ ಕೆಳಗಿಳಿದು ಬಂದರೆ ಆ ದಿನ ಕೈಬಿಟ್ಟಂತೆಯೇ. ಮೂರು ಸಂಜೆ ಕೈಯಲ್ಲಿಟ್ಟುಕೊಂಡು ಬಂದರೆ ಒಂದಾದರೂ ಸಿಗುತ್ತದೆ.

ನಮ್ಮಲ್ಲಿ ನಕ್ಷತ್ರದ ಹೆಸರು ಬಾಯಿಗೆ ಬರುವುದೇ ಮಳೆಯ ಮೂಲಕ. ಸೂರ್ಯ ಯಾವ ನಕ್ಷತ್ರದಲ್ಲಿರುವನೋ ಆ ಮಳೆಗೆ ಆ ಹೆಸರು. ಹಾಗಾಗಿ ಜೂನ್ ಕೊನೆಗೆ ಆರ್ದ್ರಾ ಮಳೆ ಹೊಯ್ಯುವಾಗ ಆರ್ದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಮೋಡ ಸರಿದರೂ ಕಾಣುವುದಿಲ್ಲ. ಗದ್ದೆಗೆ ಮಾಡಿದ ಈ ಪಂಚಾಂಗ ಚಿತ್ರ ತೆಗೆಯುವವರಿಗೂ ಅಷ್ಟೇ ಸರಿಯಾಗಿ ದಾರಿ ತೋರಿಸುತ್ತದೆ. ಆಕಾಶಗಂಗೆಯ ನಡುಭಾಗ ಇರುವುದು ಮೂಲಾ ನಕ್ಷತ್ರದ ಪಾಲಿನಲ್ಲಿ. ಸೂರ್ಯ ಮೂಲಾ ನಕ್ಷತ್ರಕ್ಕೆ ಬರುವುದು ಧನುರ್ಮಾಸ ಹಿಡಿಯುವ ಡಿಸೆಂಬರ್ ನಡುವಿನಲ್ಲಿ. ಧನುರ್ಮಾಸದ ಪೂಜೆಗೆ ಎಷ್ಟೇ ಬೇಗ ಎದ್ದರೂ ಅದು ಕಾಣಸಿಗದು; ಆ ತಿಂಗಳು ಕ್ಯಾಮೆರಾವನ್ನು ಮೃಗಶಿರ, ಕೃತ್ತಿಕೆಗಳ ಕಡೆಗೆ ತಿರುಗಿಸಬೇಕು. ಅದೇ ಶಿವರಾತ್ರಿಯ ಜಾಗರಣೆ ಬರುವುದು ಅಮಾವಾಸ್ಯೆಗೆ ಮುಂಚಿನ ರಾತ್ರಿ. ಗೋಕರ್ಣದ ಬೀದಿ ಆ ರಾತ್ರಿ ದೀಪಗಳಿಂದ ತುಂಬಿರುತ್ತದೆ ನಿಜ, ಆದರೆ ಹತ್ತಿಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಎಚ್ಚರವಿದ್ದವರು ನಾಲ್ಕು ಗಂಟೆಗೆ ಅಂಗಳಕ್ಕೆ ಬಂದು ಆಗ್ನೇಯಕ್ಕೆ ನೋಡಿದರೆ ವೃಶ್ಚಿಕದ ಬಾಲ, ಅದರ ಎಡಕ್ಕೆ ಹಾಲು ಚೆಲ್ಲಿದಂತಹ ಬೆಳಕು ಬರಿಗಣ್ಣಿಗೇ ಕಾಣುತ್ತದೆ.

ದಕ್ಷಿಣದ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕುವನ್ನೂ ಮರೆಯಬಾರದು. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಅದು ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತದೆ. ಕೆಳಗಿನ ನಕ್ಷತ್ರ 12 ಡಿಗ್ರಿ, ಮೇಲಿನದು 18 ಡಿಗ್ರಿ ಎತ್ತರ, ಅಂದರೆ ಚಾಚಿದ ತೋಳಿನ ಮುಷ್ಟಿಯ ಅಳತೆಯಲ್ಲಿ ಒಂದಕ್ಕೂ ಎರಡಕ್ಕೂ ನಡುವೆ. ಕಡಲ ಮೇಲಿನ ಆವಿ ಅಷ್ಟು ಕೆಳಗೆ ಅರ್ಧ ಬೆಳಕು ನುಂಗಿಬಿಡುತ್ತದೆ. ಬೋಟುಗಳ ದೀಪವೂ ಅಲ್ಲೇ. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಸಾಮಾನ್ಯ ದೀಪಗಳ ಒಂದು ಸಾಲು ದಿಗಂತದಲ್ಲಿ ಇದ್ದೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಕಡಲು ಪೂರ್ತಿ ಕತ್ತಲು, ಆದರೆ ಆ ಎರಡು ತಿಂಗಳು ನಮಗೆ ಆಕಾಶವೇ ಇಲ್ಲ. ದೀಪಗಳನ್ನು ಚಿತ್ರದೊಳಗೆ ಇರಲು ಬಿಡುವುದೇ ಸರಿ. ಅಲ್ಲಿ ಬದುಕು ನಡೆಸುವವರ ಬೆಳಕು ಅದು.

ಸೆಕೆಂಡಿನ ಲೆಕ್ಕ

ಒಂದು ಚಿತ್ರಕ್ಕೆ ಎಷ್ಟು ಸೆಕೆಂಡ್ ಎಂದು ತಿಳಿಯಲು 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸುವ ಹಳೆಯ ಸೂತ್ರವನ್ನು ಬಿಟ್ಟುಬಿಡಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 20 ಎಂಎಂ ಲೆನ್ಸಿಗೆ ಅದು 25 ಸೆಕೆಂಡ್ ಕೊಡುತ್ತದೆ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). 24 ಮೆಗಾಪಿಕ್ಸೆಲ್‌ನ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಹಿಡಿಯುವುದು ಸುಮಾರು 62 ಆರ್ಕ್‌ಸೆಕೆಂಡ್. 25 ಸೆಕೆಂಡಿಗೆ ನಕ್ಷತ್ರ ಆರು ಪಿಕ್ಸೆಲ್ ಎಳೆದುಕೊಂಡು ಅಕ್ಕಿಕಾಳಾಗುತ್ತದೆ. 10ರಿಂದ 12 ಸೆಕೆಂಡಿಗೆ ಇಳಿಸಿದರೆ ಎರಡೂವರೆ ಮೂರು ಪಿಕ್ಸೆಲ್, ಅದನ್ನು ಕಣ್ಣು ಒಪ್ಪಿಕೊಳ್ಳುತ್ತದೆ. ಎಫ್ 1.8ರ ಲೆನ್ಸಿನ ಬಾಯಿಯನ್ನು 2.2ಕ್ಕೋ 2.8ಕ್ಕೋ ಕಿರಿದು ಮಾಡಿ, ಇಲ್ಲವಾದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತದೆ. ಐಎಸ್‌ಒ 3200, ರಾ ಫೈಲ್, ವೈಟ್ ಬ್ಯಾಲೆನ್ಸ್ 4000ದ ಹತ್ತಿರ, ಲೆನ್ಸಿನ ಸ್ಥಿರತೆಯ ಗುಂಡಿ ಆಫ್. ಕಡಿಮೆ ಸೆಕೆಂಡಿನ ನಷ್ಟವನ್ನು ಸಂಖ್ಯೆಯಲ್ಲಿ ತುಂಬಿಕೊಳ್ಳಬೇಕು: ಒಂದೇ ಚೌಕಟ್ಟಿನ 16 ಚಿತ್ರ ತೆಗೆದು ಸೀಕ್ವೇಟರ್ ಅಥವಾ ಸಿರಿಲ್ ಎಂಬ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿದರೆ ಕಾಳುಕಾಳಾದ ಗದ್ದಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ.

ಕರಾವಳಿಯ ರಾತ್ರಿ ಬೆಚ್ಚಗಿರುವುದರಿಂದ ಸೆನ್ಸರಿನಲ್ಲಿ ಕೆಂಪು, ನೀಲಿ ಚುಕ್ಕಿಗಳು ಹೆಚ್ಚು. ಅದಕ್ಕೆಂದು, ಕ್ಯಾಮೆರಾ ತಾನೇ ಪ್ರತಿ ಚಿತ್ರದ ಹಿಂದೆ ಕಪ್ಪು ಚಿತ್ರ ತೆಗೆದು ಚುಕ್ಕಿ ಕಳೆಯುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿದರೆ ಪ್ರತಿ ಚಿತ್ರಕ್ಕೂ ದುಪ್ಪಟ್ಟು ಹೊತ್ತು ಹೋಗುತ್ತದೆ. ಅದನ್ನು ಆಫ್ ಮಾಡಿ, ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಸೆಕೆಂಡಿನ, ಅಷ್ಟೇ ಐಎಸ್‌ಒದ 15 ಕಪ್ಪು ಚಿತ್ರ ತೆಗೆದುಕೊಂಡರೆ ಸಾಕು, ಕೂಡಿಸುವಾಗ ತಂತ್ರಾಂಶ ಅವುಗಳಿಂದ ಚುಕ್ಕಿ ಕಳೆಯುತ್ತದೆ. ಫೋಕಸ್ ಲೆನ್ಸಿನ ಮೇಲಿನ ಅನಂತದ ಗುರುತಿನಿಂದ ಸಿಗುವುದಿಲ್ಲ. ಲೈವ್ ವ್ಯೂನಲ್ಲಿ ಲುಬ್ಧಕನನ್ನೋ ಸ್ವಾತಿಯನ್ನೋ ಹತ್ತು ಪಟ್ಟು ದೊಡ್ಡದು ಮಾಡಿ, ಚುಕ್ಕಿ ಅತಿ ಸಣ್ಣದಾಗುವಲ್ಲಿ ನಿಲ್ಲಿಸಿ ಬಳೆಗೆ ಟೇಪು ಅಂಟಿಸಬೇಕು. ಧ್ರುವನಿಗೆ ಗುರಿಯಿಟ್ಟು ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ತರುವವರಿಗೆ ಒಂದು ಮಾತು. ಧ್ರುವ ಇಲ್ಲಿ ಹದಿನಾಲ್ಕೂವರೆ ಡಿಗ್ರಿಯಷ್ಟೇ ಮೇಲಿರುತ್ತಾನೆ. ಉತ್ತರಕ್ಕೊಂದು ಗುಡ್ಡವೋ ತೆಂಗಿನ ತೋಟವೋ ಇದ್ದರೆ ಟ್ರ್ಯಾಕರ್ ಹೊಂದಿಸುವುದೇ ಆಗುವುದಿಲ್ಲ. ಜಾಗವನ್ನು ಹಗಲಲ್ಲೇ ದಿಕ್ಸೂಚಿ ಹಿಡಿದು ನೋಡಿಡಬೇಕು.

ಅಮಾವಾಸ್ಯೆಯ ಉಬ್ಬರ

ಕತ್ತಲೆಗೆಂದು ಆರಿಸಿಕೊಳ್ಳುವ ಅಮಾವಾಸ್ಯೆಯೇ ದೊಡ್ಡ ಉಬ್ಬರದ ದಿನ. ನಮ್ಮ ಕಡೆ ಆ ದಿನಗಳ ರಾತ್ರಿಯ ಉಬ್ಬರ ಏರುವುದು ನಡುರಾತ್ರಿಯ ಆಚೀಚೆ, ಎಲ್ಲರೂ ಮಲಗಿರುವಾಗ. ಸಂಜೆ ಅಗಲವಾಗಿ ಒಣಗಿ ಕಂಡ ಮರಳು ಆಗ ನೀರಿನಡಿ ಇರುತ್ತದೆ. ಹಿಂದಿನ ಉಬ್ಬರ ಬಿಟ್ಟುಹೋದ ಕಸಕಡ್ಡಿಯ ಗೆರೆಗಿಂತ ಸಾಕಷ್ಟು ಮೇಲೆ ಡೇರೆ ಹಾಕಬೇಕು, ಹಾಗೆಂದು ತೆಂಗಿನ ಮರದ ಬುಡಕ್ಕೆ ಹೋಗಬಾರದು. ಬಿದ್ದ ಕಾಯಿ ಡೇರೆಯ ಬಟ್ಟೆಗೆ ನಿಲ್ಲುವುದಿಲ್ಲ. ಗೂಟ ಮರಳಲ್ಲಿ ಹಿಡಿಯದು. ಖಾಲಿ ಅಕ್ಕಿಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ಗಾಳಿಗೆ ಜಗ್ಗುವುದಿಲ್ಲ. ಟ್ರೈಪಾಡಿನ ಕಾಲನ್ನು ಗೇಣುದ್ದ ಒಳಗೆ ಒತ್ತಿ, ಒದ್ದೆ ಮರಳಿನಿಂದ ದೂರವಿಡಿ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳೂ ಸರಿದು, 12 ಸೆಕೆಂಡಿನಲ್ಲಿ ಇಡೀ ಚಿತ್ರ ಕದಲುತ್ತದೆ. ಡೇರೆಯ ಕಿಟಕಿಗಳನ್ನು ಚಳಿ ಎಂದು ಪೂರ್ತಿ ಮುಚ್ಚಿದರೆ ಉಸಿರಿನ ಆವಿಯೇ ಒಳಗಿನ ಬಟ್ಟೆಗೆ ಹನಿಗಟ್ಟಿ ಬೆಳಗಿನೊಳಗೆ ಹೊದಿಕೆ ಒದ್ದೆ.

ನವೆಂಬರಿನಿಂದ ಮಾರ್ಚ್ ದಾಟುವವರೆಗೆ ಈ ದಂಡೆಗಳಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಮರಿಗಳು ಹೊರಬರುವುದೂ ಈ ತಿಂಗಳುಗಳಲ್ಲೇ. ಮರಿ ಬೆಳಕಿದ್ದ ಕಡೆ ಹೊರಡುತ್ತದೆ. ಬಿಳಿ ಟಾರ್ಚಿನಿಂದ ದಂಡೆಯನ್ನು ಬೆಳಗಿ ಮುನ್ನೆಲೆಯ ಚಿತ್ರ ತೆಗೆಯುವುದು ಅವುಗಳಿಗೆ ದಾರಿ ತಪ್ಪಿಸಿದಂತೆ. ಕೆಂಪು ದೀಪ, ಅದೂ ಸಣ್ಣದು, ಕೆಳಮುಖವಾಗಿ. ಗೂಡಿನ ಸುತ್ತ ಬೇಲಿ ಕಟ್ಟಿದ್ದು ಕಂಡರೆ ಆ ದಂಡೆಯನ್ನೇ ಬಿಟ್ಟುಕೊಡಿ, ಇನ್ನೊಂದು ದಂಡೆ ಹತ್ತಿರದಲ್ಲೇ ಇರುತ್ತದೆ.

ಘಟ್ಟ ಹತ್ತಿದರೆ

ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲ, ಬೋಟಿನ ದೀಪವಿಲ್ಲ, ರಾತ್ರಿಯೂ ತಂಪು. ಅಲ್ಲಿಯ ನೀರು ಮಂಜಿನ ರೂಪದ್ದು. ಜನವರಿಯ ರಾತ್ರಿ ಬೇಣದ, ಅಂದರೆ ತೋಟದ ಮೇಲಿನ ಹುಲ್ಲುಗುಡ್ಡದ, ಮೇಲೆ ನಿಂತರೆ ಅದು ಹೇಗೆ ತುಂಬುತ್ತದೆ ಎಂದು ಕಣ್ಣಾರೆ ನೋಡಬಹುದು. ಎರಡು ಗಂಟೆಯ ನಂತರ ತಣ್ಣನೆಯ ಗಾಳಿ ಇಳಿಜಾರಿನಿಂದ ಜಾರಿ ಕೆಳಗಿನ ಅಡಿಕೆ ತೋಟಕ್ಕೆ ಸೇರುತ್ತದೆ. ಮೊದಲು ಹಳ್ಳದ ಗುಂಟ ಬಿಳಿಯ ಗೆರೆ, ಆಮೇಲೆ ಮರಗಳ ಬುಡ, ನಾಲ್ಕರ ಹೊತ್ತಿಗೆ ಅಡಿಕೆಯ ತಲೆಗಳು ಮಾತ್ರ ಮೇಲೆ. ಸುಗ್ಗಿಯ ದಿನವಾದ್ದರಿಂದ ಎಲ್ಲೋ ಒಂದು ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ, ಒಂದು ಬಲ್ಬು. ಆ ಬೆಳಕು ಮಂಜನ್ನು ಒಳಗಿನಿಂದ ಹಚ್ಚಿಟ್ಟ ಹಾಗೆ ಕಾಣುತ್ತದೆ. ಮೇಲೆ ಬೇಣದಲ್ಲಿ ಆಕಾಶ ಕನ್ನಡಿಯಂತಿರುತ್ತದೆ. ಹಾಗಾಗಿ ಡೇರೆ ಕಣಿವೆಯಲ್ಲಿ ಬೇಡ, ನೀರು ಹತ್ತಿರವಿದೆ ಎಂಬ ಆಸೆಗೂ ಬೇಡ. ಬೇಣಕ್ಕೆ ಮಾಲೀಕರಿರುತ್ತಾರೆ, ಹಗಲಲ್ಲೇ ಮನೆಗೆ ಹೋಗಿ ಹೇಳಿ ಬರಬೇಕು. ಕಾಡಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಒಣಹುಲ್ಲಿನ ಕಾಲ, ಬೆಂಕಿಯ ಮಾತೇ ಬೇಡ. ಬಿಸಿನೀರಿನ ಫ್ಲಾಸ್ಕ್ ಸಾಕು.

ಇಲ್ಲಿ ಇನ್ನೊಂದನ್ನು ಒತ್ತಿ ಹೇಳಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ, ನಮ್ಮ ಜಿಲ್ಲೆಯಲ್ಲೂ. ಅದನ್ನು ಹರಡುವ ಉಣುಗು ಇರುವುದು ದರಕಿನಲ್ಲಿ, ಅಂದರೆ ಕಾಡಿನ ನೆಲದ ಒಣಎಲೆಯ ಹಾಸಿನಲ್ಲಿ. ಆಕಾಶದ ಚಿತ್ರಕ್ಕೆ ಒಳ್ಳೆಯ ತಿಂಗಳುಗಳೂ ಅವೇ. ದರಕಿನ ಮೇಲೆ ಕೂರುವುದು, ಮಲಗಿ ನಕ್ಷತ್ರ ನೋಡುವುದು ಬೇಡ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಆ ವರ್ಷ ಹೋಗಲೇಬೇಡಿ. ಮನೆಗೆ ಬಂದು ಬಿಸಿನೀರು ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಬೆಳಗಾದ ಮೇಲೆ ಹೀಟರ್ ಪಟ್ಟಿಯನ್ನು ಕೂಡಲೇ ಬಿಚ್ಚುವುದಲ್ಲ. ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಗಾಳಿಯಲ್ಲಿ ತೇವ ಹಾಗೆಯೇ ಇರುತ್ತದೆ. ಲೆನ್ಸಿಗೆ ಬಿಸಿಲು ತಾಗಿ ಹೊರಮೈ ಒಣಗಿದ ಮೇಲೆ ಪಟ್ಟಿ ತೆಗೆದು, ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ, ಟ್ರೈಪಾಡಿನ ಕೀಲುಗಳನ್ನು ಒರೆಸಬೇಕು. ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ತೊಳೆಯದಿದ್ದರೆ ಮರಳೂ ಉಪ್ಪೂ ಸೇರಿ ಒಂದೇ ತಿಂಗಳಲ್ಲಿ ತಿರುಪು ಹಿಡಿದುಕೊಳ್ಳುತ್ತದೆ. ಲೆನ್ಸನ್ನು ಚೀಲದೊಳಗೆ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ದಿನ ಇಡಿ, ಇಲ್ಲವಾದರೆ ಮುಂದಿನ ಮಳೆಗಾಲದೊಳಗೆ ಗಾಜಿನ ಒಳಗೆ ಜೇಡನ ಬಲೆಯಂತೆ ಬೂಸ್ಟು ಹಬ್ಬಿರುತ್ತದೆ. ಡೇರೆಯನ್ನು ಒದ್ದೆಯಾಗಿಯೇ ಮಡಚಿ ತಂದಿದ್ದರೆ ಅಂದೇ ಮಧ್ಯಾಹ್ನ ಅಂಗಳದ ತಂತಿಯ ಮೇಲೆ, ಒಳಮೈ ಹೊರಗೆ ಮಾಡಿ ಹರವಿ.